ಸಾಲವಿರುವ ಫ್ಲ್ಯಾಟನ್ನು ಭೋಗ್ಯಕ್ಕೆ ಕೊಡುವುದೋ, ತಿಂಗಳ ಬಾಡಿಗೆಗೆ ಕೊಡುವುದೋ?

ಪ್ರಶ್ನೆ (ಯಲಹಂಕದ ಮಾಲೀಕ):
ನಮಸ್ಕಾರ. ವರ್ಗಾವಣೆಯಾಗಿ ಹುಬ್ಬಳ್ಳಿಗೆ ಬಂದಿರುವುದರಿಂದ ಬೆಂಗಳೂರಿನ ಯಲಹಂಕದಲ್ಲಿರುವ ನಮ್ಮ ಫ್ಲ್ಯಾಟು ಖಾಲಿಯಿದೆ. ಅದರ ಮೇಲೆ ಇನ್ನೂ 18 ಲಕ್ಷ ರೂಪಾಯಿ ಗೃಹಸಾಲವಿದ್ದು, ಶೇಕಡಾ 8.5ರ ಬಡ್ಡಿಯಲ್ಲಿ ತಿಂಗಳಿಗೆ 27,000 ರೂಪಾಯಿ ಕಂತು ಕಟ್ಟುತ್ತಿದ್ದೇನೆ. ಬಾಡಿಗೆಗೆ ಕೊಟ್ಟರೆ ತಿಂಗಳಿಗೆ 21,000 ರೂಪಾಯಿ ಬರಬಹುದು. ಆದರೆ ಬ್ರೋಕರ್ ಒಬ್ಬರು, ಮೂರು ವರ್ಷದ ಭೋಗ್ಯಕ್ಕೆ (ತಿಂಗಳ ಬಾಡಿಗೆಯಿಲ್ಲದೆ ವಾಸಿಸಿ, ಅವಧಿ ಮುಗಿದಾಗ ಕೊಟ್ಟ ಹಣವನ್ನು ಪೂರ್ತಿ ವಾಪಸ್ ಪಡೆಯುವ ಕರಾರಿಗೆ) 20 ಲಕ್ಷ ಕೊಡಲು ಒಂದು ಕುಟುಂಬ ಸಿದ್ಧವಿದೆ, ಆ ಹಣದಲ್ಲಿ ಸಾಲ ತೀರಿಸಿಬಿಡಿ ಎನ್ನುತ್ತಿದ್ದಾರೆ. ಬಾಡಿಗೆದಾರರು ಮುಂದೆ ಮನೆ ಖಾಲಿ ಮಾಡದೆ ಉಳಿದುಬಿಟ್ಟರೆ ಎಂಬ ಅಳುಕೂ ನನಗಿದೆ. ತಿಳಿದವರು ಸಲಹೆ ನೀಡಬೇಕಾಗಿ ವಿನಂತಿ.

ಪ್ರತಿಕ್ರಿಯೆ 1 (ಲೆಕ್ಕಪತ್ರದವರು):
ಸರ್, ಮೊದಲು ಲೆಕ್ಕ ಹಾಕೋಣ. ಭೋಗ್ಯದ ಹಣದಿಂದ ಸಾಲ ತೀರಿಸಿದರೆ ಮೊದಲ ವರ್ಷ ಉಳಿಯುವ ಬಡ್ಡಿ ಹೆಚ್ಚೆಂದರೆ 1.53 ಲಕ್ಷ, ಮಿಕ್ಕ ಎರಡು ಲಕ್ಷವನ್ನು ಠೇವಣಿ ಇಟ್ಟರೆ ಇನ್ನೊಂದು ಹನ್ನೆರಡು ಹದಿಮೂರು ಸಾವಿರ. ಬಾಡಿಗೆಯಾದರೆ ವರ್ಷಕ್ಕೆ 2.52 ಲಕ್ಷ ಬರುತ್ತದೆ. ಈ ಬಾಡಿಗೆಯಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು, ಉಳಿದದ್ದರಲ್ಲಿ ಶೇಕಡಾ 30ರಷ್ಟನ್ನು ಯಾವ ಖರ್ಚಿನ ರಸೀದಿಯೂ ಇಲ್ಲದೆ ಬಿಟ್ಟು, ಅದರ ಮೇಲೆ ಗೃಹಸಾಲದ ಬಡ್ಡಿಯನ್ನೂ ಕಳೆದರೆ, ಆದಾಯ ತೆರಿಗೆಗೆ ಒಳಪಡುವ ಮೊತ್ತ ಇಪ್ಪತ್ತು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಭೋಗ್ಯದಲ್ಲಿ ಬಾಡಿಗೆಯೇ ಇಲ್ಲವಲ್ಲ, ತೆರಿಗೆ ಎಲ್ಲಿಂದ ಎಂದು ಬ್ರೋಕರ್ ಹೇಳಿದರೆ ಒಪ್ಪಬೇಡಿ. ಆ ಮನೆಗೆ ನ್ಯಾಯವಾಗಿ ಬರಬಹುದಾದ ಬಾಡಿಗೆಯನ್ನು ಇಲಾಖೆ ಲೆಕ್ಕಕ್ಕೆ ಹಿಡಿಯಬಹುದು, ಆಗ ಕಳೆಯಲು ನಿಮ್ಮ ಬಳಿ ಬಡ್ಡಿಯೂ ಇರುವುದಿಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಮೂರು ವರ್ಷದ ನಂತರದ್ದು. ಕಂತಿನ 27,000 ರೂಪಾಯಿಯನ್ನು ಒಂದು ತಿಂಗಳೂ ತಪ್ಪದೆ ಕೂಡಿಟ್ಟರೂ ಅಸಲು 9.72 ಲಕ್ಷವಾಗುತ್ತದೆ, ಹಿಂದಿರುಗಿಸಬೇಕಾದದ್ದು 20 ಲಕ್ಷ. ಅಂದರೆ ಮುಂದಿನ ಭೋಗ್ಯದಾರರು ಸಿಗುವವರೆಗೆ ಹಿಂದಿನವರು ಕದಲುವುದಿಲ್ಲ, ಕದಲಬೇಕಾಗಿಯೂ ಇಲ್ಲ. ಮನೆ ಖಾಲಿಯಾಗದೆಂಬ ನಿಮ್ಮ ಅಳುಕು ಬಾಡಿಗೆಗಿಂತ ಭೋಗ್ಯಕ್ಕೇ ಹೆಚ್ಚು ಸಲ್ಲುತ್ತದೆ.

ಪ್ರತಿಕ್ರಿಯೆ 2 (ವಕೀಲರು, ಮೈಸೂರು):
ಲೆಕ್ಕದ ಮಾತನ್ನು ಒಪ್ಪುತ್ತೇನೆ. ಕಾನೂನಿನ ತೊಡಕೂ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 65ಎ ಕಲಮಿನ ಪ್ರಕಾರ, ಅಡಮಾನದಲ್ಲಿರುವ ಆಸ್ತಿಯನ್ನು ಮಾಲೀಕರು ಗುತ್ತಿಗೆಗೆ ಕೊಡುವಾಗ ದೊರೆಯಬಹುದಾದ ಉತ್ತಮ ಬಾಡಿಗೆಯನ್ನು ನಿಗದಿಪಡಿಸಿರಬೇಕು, ಮುಂಗಡ ಬಾಡಿಗೆ ಪಡೆಯುವಂತಿಲ್ಲ, ಕಟ್ಟಡವಾದರೆ ಅವಧಿ ಮೂರು ವರ್ಷ ಮೀರುವಂತಿಲ್ಲ. ಬ್ಯಾಂಕಿನ ಸಾಲಪತ್ರದ ಷರತ್ತು ಇದಕ್ಕಿಂತಲೂ ಬಿಗಿಯಾಗಿರುವುದುಂಟು, ಅದನ್ನು ತೆಗೆದು ಓದಿ. ಭೋಗ್ಯಕ್ಕೇ ಕೊಡುವುದಾದರೆ ಹಣ ನೇರವಾಗಿ ನಿಮ್ಮ ಸಾಲದ ಖಾತೆಗೆ ಜಮೆಯಾಗಿ, ಮೂಲ ಪತ್ರಗಳು ಕೈಗೆ ಬಂದ ಮೇಲೆಯೇ ಕರಾರು ನೋಂದಣಿಯಾಗಲಿ. ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಗುರಿಯಾಗುತ್ತೀರಿ ಎಂಬುದೂ ನೆನಪಿರಲಿ.

ಬಾಡಿಗೆದಾರರನ್ನು ಬಿಡಿಸಲಾಗದು ಎಂಬ ಭಯ ಹಳೆಯ ಬಾಡಿಗೆ ನಿಯಂತ್ರಣದ ಕಾಲದ್ದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲ. ನಿಮ್ಮಂಥವರಿಗೆ ಆಸ್ತಿ ವರ್ಗಾವಣೆ ಕಾಯ್ದೆಯೇ ಆಧಾರ; ಕರಾರಿನಲ್ಲಿ ಬೇರೆ ಅವಧಿ ಹೇಳಿರದಿದ್ದರೆ ತಿಂಗಳ ಬಾಡಿಗೆಗೆ 15 ದಿನಗಳ ನೋಟಿಸು ಸಾಕು. ಆಮೇಲೂ ಹಟ ಹಿಡಿದರೆ ನ್ಯಾಯಾಲಯವೇ ಗತಿ, ಅಲ್ಲಿ ತಡವಾಗುತ್ತದೆ ಎಂಬುದನ್ನು ನಾನು ಮುಚ್ಚಿಡಲಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬಾಡಿಗೆಗೇ ಕೊಡಲು ತೀರ್ಮಾನಿಸಿದ್ದೇನೆ. ದೂರದಲ್ಲಿರುವ ನಾನು ಕರಾರಿನಲ್ಲಿ ಯಾವುದನ್ನು ಬಿಡದೆ ಬರೆಸಬೇಕು?

ಪ್ರತಿಕ್ರಿಯೆ 3 (ಹಿರಿಯ ಗೃಹಿಣಿ, ಮಲ್ಲೇಶ್ವರ):
ಬಹಳ ವರ್ಷಗಳಿಂದ ಎರಡು ಮನೆ ಬಾಡಿಗೆಗೆ ಕೊಟ್ಟು ಬಂದವಳಾಗಿ ಹೇಳುತ್ತೇನೆ. ಹನ್ನೊಂದು ತಿಂಗಳ ಕರಾರು ಮಾಡಿ, ನವೀಕರಿಸುವಾಗ ಬಾಡಿಗೆ ಎಷ್ಟು ಏರುತ್ತದೆ ಎಂಬುದನ್ನು ಮೊದಲೇ ನಮೂದಿಸಿ. ಮುಂಗಡ, ಅಂದರೆ ಮನೆ ಬಿಡುವಾಗ ಹಿಂದಿರುಗಿಸುವ ಠೇವಣಿ, ಹತ್ತು ತಿಂಗಳ ಬಾಡಿಗೆಯಷ್ಟು ಬೇಕೆಂದು ಪಟ್ಟು ಹಿಡಿದರೆ ಒಳ್ಳೆಯ ಬಾಡಿಗೆದಾರರು ಬೇರೆ ಮನೆ ನೋಡಿಕೊಳ್ಳುತ್ತಾರೆ, ಮನೆ ಎರಡು ತಿಂಗಳು ಖಾಲಿ ಬಿದ್ದರೆ 42,000 ರೂಪಾಯಿ ಹೋಯಿತು. ಐದಾರು ತಿಂಗಳಿನದಕ್ಕೆ ಒಪ್ಪಿಕೊಳ್ಳಿ. ಜಗಳ ಬರುವುದು ಮನೆ ಬಿಡುವಾಗ, ಬಣ್ಣದ ಖರ್ಚಿನ ವಿಷಯಕ್ಕೆ. ಮೊತ್ತವನ್ನು ಅಂಕಿಯಲ್ಲಿ ಬರೆಸಿ, ಬೀಗದ ಕೈ ಕೊಡುವ ದಿನ ಪ್ರತಿ ಕೋಣೆಯ ಫೋಟೋ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕವನ್ನು ಬಾಡಿಗೆದಾರರು ಕಟ್ಟದಿದ್ದರೆ ಸಂಘದವರು ಕೇಳುವುದು ನಿಮ್ಮನ್ನೇ, ಆದ್ದರಿಂದ ಅದನ್ನು ಬಾಡಿಗೆಯೊಂದಿಗೆ ನೀವೇ ಪಡೆದು ಕಟ್ಟುವುದು ಕ್ಷೇಮ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿದ್ದರೆ, ಮನೆ ಬಿಡುವ ಮುನ್ನ ಆ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಯಿಂದ ಅದನ್ನು ತೆಗೆಸಿದ ಮೇಲೆಯೇ ಮುಂಗಡ ಹಿಂದಿರುಗಿಸಿ. ಇಲ್ಲವಾದರೆ ಮುಂದೆ ಬರುವವರು ಅಲೆದಾಡಬೇಕಾಗುತ್ತದೆ.