ನಾಸಾ ಹೇಳಿದೆಯಂತೆ, ಫಿಸಿಕ್ಸ್ ಬೇಡವಂತೆ

ಗದಗಿನ ಕಾಕಾ ಬೆಳಿಗ್ಗೆ ಆರಕ್ಕೇ ಮನೆಮಂದಿ ಗ್ರೂಪಿಗೆ ಒಂದು ಚಿತ್ರ ಹಾಕಿದರು. ಎಗ್‌ರೈಸ್ ಗಾಡಿ ಮುಂದೆ ಒಬ್ಬ ಹುಡುಗ, ಕೊರಳಲ್ಲಿ ಚಿನ್ನದ ಪದಕ. ಮೇಲೆ ಕೆಂಪಕ್ಷರದಲ್ಲಿ ‘ಇನ್ನು ಮುಂದೆ ಕಿಮ್ಮತ್ತಿಲ್ಲದ ಡಿಗ್ರಿಗಳು’. ಮೊದಲ ಹೆಸರೇ ಫಿಸಿಕ್ಸ್. ಕೊನೆಗೆ ‘ನಾಸಾ ವಿಜ್ಞಾನಿಗಳ ಎಚ್ಚರಿಕೆ’.

ಕಾಕಾ ಯಾರ ಹೆಸರನ್ನೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಪಿಯುಸಿ ರಿಸಲ್ಟ್ ಬಂದ ವಾರ ಅದು. ಧಾರವಾಡದ ಅತ್ತಿಯ ಮಗಳು ಇಂಜಿನಿಯರಿಂಗ್ ಬೇಡ, ಬಿಎಸ್ಸಿ ಫಿಸಿಕ್ಸೇ ಬೇಕು ಎಂದು ಹಟ ಹಿಡಿದದ್ದು ಎಲ್ಲರಿಗೂ ಗೊತ್ತು.

ಬೆಂಗಳೂರಿನ ಅಣ್ಣ ಮೊದಲು ಎದ್ದ. ‘ಕಾಕಾ, ಇದರ ಸೋರ್ಸ್ ಏನು? ನಾಸಾದಲ್ಲಿ ಕೆಲಸ ಮಾಡುವವರು ಏನು ಓದಿದ್ದಾರೆ ಅಂತ ಮಾಡೀರಿ?’

‘ನಿನಗೆ ಎಲ್ಲಕ್ಕೂ ಸೋರ್ಸ್ ಬೇಕು. ನಾನೇನು ಪೇಪರ್ ನಡೆಸುತ್ತೇನಾ? ಬಂದಿತ್ತು, ಹಾಕಿದೆ.’

ಹುಬ್ಬಳ್ಳಿಯ ದೊಡ್ಡಪ್ಪ ಪೂಜೆ ಮುಗಿಸಿ ಬಂದರು. ‘ವಿದ್ಯೆಯನ್ನು ರೊಕ್ಕದಿಂದ ಅಳೆಯಬಾರದು. ಸರ್ ಸಿ.ವಿ. ರಾಮನ್ ರೊಕ್ಕಕ್ಕಾಗಿ ಓದಿದರೇನು?’

ಅಣ್ಣ ಬಿಡಲಿಲ್ಲ. ‘ದೊಡ್ಡಪ್ಪ, ರಾಮನ್ 1907ರಿಂದ ಹತ್ತು ವರ್ಷ ಹಣಕಾಸು ಇಲಾಖೆಯ ನೌಕರಿಯಲ್ಲಿದ್ದರು. ಆಫೀಸು ಮುಗಿಸಿ ಲ್ಯಾಬಿಗೆ ಹೋಗುತ್ತಿದ್ದರು. 1917ರಲ್ಲಿ ಅದನ್ನು ಬಿಟ್ಟು ಕಡಿಮೆ ಸಂಬಳಕ್ಕೆ ಪ್ರೊಫೆಸರ್ ಆದರು.’ ಇದು ದೊಡ್ಡಪ್ಪನ ಪರವೋ ವಿರುದ್ಧವೋ ನನಗಂತೂ ತಿಳಿಯಲಿಲ್ಲ. ಅಣ್ಣನಿಗೂ ತಿಳಿದಿರಲಿಕ್ಕಿಲ್ಲ.

‘1917! ಧಾರವಾಡದ ನಮ್ಮ ಕರ್ನಾಟಕ ಕಾಲೇಜು ಶುರುವಾದದ್ದೂ ಅದೇ ವರ್ಷ ಅಲ್ವಾ?’ ಎಂದು ರಾಣೇಬೆನ್ನೂರಿನ ತಮ್ಮ ನುಗ್ಗಿದ. ಸ್ಪೆಕ್ಟ್ರೋಮೀಟರಿನಲ್ಲಿ ಸೋಡಿಯಂ ದೀಪದ ಎರಡು ಹಳದಿ ಗೆರೆ ಬೇರೆಬೇರೆ ಕಾಣದೆ ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಬರೆದದ್ದು, ಆಮೇಲೆ ಲೈನ್ ಬಜಾರಿನಲ್ಲಿ ಪೇಡೆ ತಿಂದದ್ದು, ಎಲ್ಲ ಹೇಳಿದ. ಅಲ್ಲಿಂದ ಅರ್ಧ ಗಂಟೆ ಪೇಡೆಯದೇ ಮಾತು.

ಹಾವೇರಿಯ ವೈನಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಾರೆ. ವಿಷಯ ಗೊತ್ತಿದ್ದವರು ಅವರೊಬ್ಬರೇ, ಹಾಗಾಗಿ ಯಾರೂ ಅವರನ್ನು ಕೇಳಿರಲಿಲ್ಲ. ಅವರೇ ಬರೆದರು:

‘ಫೀ ದೊಡ್ಡ ಮಾತಲ್ಲ. ಸರ್ಕಾರಿ ಕಾಲೇಜಿನ ಬಿಎಸ್ಸಿ ಅಗ್ಗವೇ. ಖರ್ಚಾಗುವುದು ವರ್ಷಗಳು. ಬರೀ ಬಿಎಸ್ಸಿ ಹಿಡಿದು ಹೊರಟರೆ ಕೆಲಸ ಕಡಿಮೆ. ಹೈಸ್ಕೂಲಿಗೆ ಮೇಲೆ ಎರಡು ವರ್ಷ ಬಿಎಡ್ ಬೇಕು. ನನ್ನ ಹಾಗೆ ಪಿಯು ಲೆಕ್ಚರರ್ ಆಗಬೇಕೆಂದರೆ ಎಂಎಸ್ಸಿ, ಬಿಎಡ್ ಎರಡೂ, ಒಟ್ಟು ಏಳು ವರ್ಷ. ಆಮೇಲೆ ಹುದ್ದೆ ಕರೆಯುವವರೆಗೆ ಕಾಯಬೇಕು. ಅಲ್ಲಿಯವರೆಗೆ ಮನೆಯಿಂದ ರೊಕ್ಕ ಕೇಳಬೇಕು, ಅದನ್ನು ಮೊದಲು ಯೋಚಿಸಿ. ಹಾಗಂತ ದಾರಿಯೇ ಇಲ್ಲ ಅಂತಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ 1ರೊಳಗೆ ಬಂದು ಮೂಲ ವಿಜ್ಞಾನ ತಗೊಂಡವರಿಗೆ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 80,000. ಅದರಲ್ಲಿ 60,000 ಕೈಗೆ, ಉಳಿದದ್ದು ಬೇಸಿಗೆ ಪ್ರಾಜೆಕ್ಟಿಗೆ. ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆದು ಐಐಟಿಯಲ್ಲಿ ಎಂಎಸ್ಸಿ ಮಾಡಬಹುದು. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ಪಿಎಚ್‌ಡಿ ಮಾಡುತ್ತಾ ತಿಂಗಳಿಗೆ 37,000. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ರೇಡಿಯೇಷನ್ ಕೊಡುತ್ತಾರಲ್ಲ, ಡೋಸ್ ಎಷ್ಟು, ಯಾವ ಕಡೆಯಿಂದ ಬಿಡಬೇಕು ಅಂತ ಲೆಕ್ಕ ಹಾಕುವವರು ಫಿಸಿಕ್ಸ್ ಎಂಎಸ್ಸಿ ಮೇಲೆ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿದವರು. ಇಸ್ರೋ ಒಂದೇ ಆಸೆ ಇದ್ದರೆ ಮಾತ್ರ ಇಂಜಿನಿಯರಿಂಗೇ ಮಾಡಲಿ. ಅಲ್ಲಿ ಅವರಿಗೇ ಹುದ್ದೆ ಜಾಸ್ತಿ.’

‘ರೀಡ್ ಮೋರ್’ ಒತ್ತಿ ಓದಬೇಕಾದ ಮೆಸೇಜು. ಹೆಚ್ಚಿನವರು ಒತ್ತಲಿಲ್ಲ. ಕಾಕಾ ಮೊದಲ ಸಾಲಿಗಷ್ಟೇ ಉತ್ತರ ಕೊಟ್ಟರು. ‘ಫೀ ದೊಡ್ಡ ಮಾತಲ್ಲ ಅಂತ ನೌಕರಿ ಇದ್ದವರು ಹೇಳುತ್ತಾರೆ.’

ಅಲ್ಲಿಯವರೆಗೆ ಸುಮ್ಮನಿದ್ದ ಅತ್ತಿ ಈಗ ಕಾಕಾನ ಮೇಲೆ ಬಂದರು. ‘ಅಣ್ಣಾ, ಫೀ ಮಾತು ನೀನು ಎತ್ತಬೇಡ. ನಿನ್ನ ಮಗನ ಡೊನೇಷನ್ ಸೀಟಿಗೆ ಅಣ್ಣಿಗೇರಿ ಹೊಲ ಹೋಯಿತು. ಸಿವಿಲ್ ಓದಿಸಿದೆ, ಈಗ ಅವನು ಬ್ಯಾಂಕಿನಲ್ಲಿ ಕ್ಲರ್ಕ್. ಆಗ ನಾನು ಯಾವ ಫೋಟೋ ಕಳಿಸಿದೆ?’

ದೊಡ್ಡಪ್ಪ ಸಮಾಧಾನ ಮಾಡಿದರು. ‘ಹೊಲದ ವಿಷಯ ಇಲ್ಲಿ ಬೇಡ. ಎಲ್ಲರೂ ಸಹನೆಯಿಂದ ಇರಿ.’ ಎರಡು ನಿಮಿಷ ಬಿಟ್ಟು ಅವರೇ, ‘ಆದರೂ ಮಾರುವಾಗ ನನ್ನನ್ನು ಒಂದು ಮಾತು ಕೇಳಲಿಲ್ಲ.’

‘ಆ ಹೊಲದ ಮೆಣಸಿನಕಾಯಿ ಏನು ಬಣ್ಣ ಇತ್ತು!’ ಇದು ತಮ್ಮ. ಪಾಪ, ಅವನಿಗೆ ಯಾವ ಜಗಳವೂ ತಟ್ಟುವುದಿಲ್ಲ.

ಈ ಗದ್ದಲದ ನಡುವೆ ಹುಡುಗಿ ವೈನಿಯ ಮೆಸೇಜನ್ನೇ ಹಿಡಿದು ಕೇಳಿದ್ದಳು. ‘ವೈನಿ, ಇನ್‌ಸ್ಪೈರ್ ಅರ್ಜಿ ಕಾಲೇಜು ಸೇರಿದ ಮೇಲೆ ಹಾಕೋದಾ, ಮೊದಲೇನಾ?’

‘ಸೇರಿದ ಮೇಲೆ. ರಾತ್ರಿ ಫೋನ್ ಮಾಡು.’

ಸಂಜೆ ಕಾಕಾ ಮತ್ತೆ ಬಂದರು, ಈ ಸಲ ಹೊಲದ ಉತಾರದ (ಪಹಣಿಯ) ಫೋಟೋ ಸಮೇತ. ‘ಹೊಲ ಹೋಯಿತಂತೆ! ಕಣ್ಣು ಬಿಟ್ಟು ನೋಡಿ, ಅರ್ಧ ಇನ್ನೂ ಇದೆ.’ ಸರ್ವೆ ನಂಬರ್, ಎಕರೆ, ಗುಂಟೆ, ಖಾತೆದಾರರ ಹೆಸರು ಎಲ್ಲ ಅದರಲ್ಲಿತ್ತು.

ಅಣ್ಣ ತಡಮಾಡಲಿಲ್ಲ. ‘ಕಾಕಾ, ಇದಕ್ಕೇ ನೋಡಿ ಸೋರ್ಸ್ ಅನ್ನೋದು.’