ಸಹಾಯ ಬೇಕು: ಏರ್ ರೈಫಲ್‌ನ ಗುರಿ ಚದುರುತ್ತಿದೆ

ನಮಸ್ಕಾರ. ನಾವು ಉಡುಪಿ ಹತ್ತಿರ ಪರ್ಕಳದವರು. ಮಗಳು 0.177 ಇಂಚು ಅಳತೆಯ ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ 10 ಮೀಟರ್ ದೂರದ ಕಾಗದದ ಗುರಿಗೆ ಅಭ್ಯಾಸ ಮಾಡ್ತಾಳೆ. ಬೇಸಿಗೆಯಲ್ಲಿ ಅದರ ಸಣ್ಣ ಗುಂಡುಗಳು, ಅಂದರೆ ಪೆಲೆಟ್‌ಗಳು ಒಂದೇ ಕಡೆ ಬೀಳ್ತಿದ್ದವು. ಮಳೆ ಶುರುವಾದ ಮೇಲೆ ಅಂಗೈಯಗಲ ಚದುರ್ತಿವೆ. ಸ್ಟಾಕ್‌ನ (ರೈಫಲ್‌ನ ಮರದ ಹಿಡಿಯ) ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿ ನೋಡಿದೆ, ಸ್ವಲ್ಪ ಸುಧಾರಿಸಿತು, ಅಷ್ಟೇ. ಹಿಡಿತದಲ್ಲಿ ತಪ್ಪಿದೆ ಅನಿಸೋದಿಲ್ಲ. ಸ್ಪ್ರಿಂಗ್ ಗನ್ ಗಟ್ಟಿ ಹಿಡಿದರೆ ಜಿಗಿಯುತ್ತೆ ಅಂತ ಅವಳು ತೆರೆದ ಅಂಗೈ ಮೇಲೆ ಹಗುರವಾಗಿಯೇ ಇಟ್ಟುಕೊಳ್ತಾಳೆ.

ನಳಿಗೆ ಮಡಚುವ ಜಾಗದಲ್ಲಿ ಗಾಳಿ ತಡೆಯುವ ಸೀಲ್ ಹತ್ತಿರ ಟಿಶ್ಯೂ ಚೂರು ಇಟ್ಟು ಹೊಡೆದರೆ ಅದು ಹಾರುತ್ತೆ. ಗಾಳಿ ಸೋರ್ತಿದೆ ತಾನೆ? ಮರದ ಸ್ಟಾಕ್ ತೇವಕ್ಕೆ ಉಬ್ಬಿರಬಹುದಾ? ಡಬ್ಬಿಯಲ್ಲಿ ಕೆಲವು ಪೆಲೆಟ್‌ಗಳ ಅಂಚೂ ಸೊಟ್ಟಗಿದೆ.

ಉಡುಪಿ, ಮಂಗಳೂರಲ್ಲಿ ಸೀಲ್ ಬದಲಿಸಿಕೊಡುವವರು ಯಾರಾದ್ರೂ ಇದ್ದರೆ ದಯವಿಟ್ಟು ತಿಳಿಸಿ. ಅವಳ ಉತ್ಸಾಹ ಕುಗ್ಗಬಾರದು.