ನೀರು ಹೊರಹೋಗುತ್ತಿಲ್ಲ, ಪಂಪ್ ಹಾಳಾಗಿದೆಯಾ?

ಪ್ರಶ್ನೆ:
ಫ್ರಂಟ್ ಲೋಡ್ ಮಷೀನು. ಬಟ್ಟೆ ಒಗೆಯುವ ತನಕ ಎಲ್ಲ ಸರಿ. ಆಮೇಲೆ ನೀರು ಅಲ್ಲೇ ನಿಲ್ಲುತ್ತದೆ, ಸ್ಪಿನ್ ಆಗುವುದಿಲ್ಲ. ಕೆಳಗಡೆಯಿಂದ ಗುಂಯ್ ಅನ್ನುವ ಸದ್ದು ಮಾತ್ರ. ರಿಪೇರಿಗೆ ಬಂದವರು ಪಂಪ್ ಬದಲಾಯಿಸಬೇಕು ಅಂದರು. ಒಂದು ಸ್ಕ್ರೂ ಕೂಡ ಬಿಚ್ಚಿ ನೋಡಲಿಲ್ಲ! ನಂಬಬೇಕಾ?

ಉತ್ತರ 1:
ಸದ್ದು ಬರುತ್ತಿದೆ ಅಂದರೆ ಪಂಪಿಗೆ ಕರೆಂಟ್ ಹೋಗುತ್ತಿದೆ ಅಲ್ವಾ? ಸುಮ್ನೆ ಬದಲಾಯಿಸಬೇಡಿ. ಮೊದಲು ಪ್ಲಗ್ ತೆಗೆಯಿರಿ. ನೀರು ಬಿಸಿ ಇದ್ದರೆ ಆರಲು ಬಿಡಿ. ಮುಂಭಾಗದ ಕೆಳಮೂಲೆಯಲ್ಲಿ ಚಿಕ್ಕ ಮುಚ್ಚಳ ಇರುತ್ತದೆ, ಅದರ ಹಿಂದೆ ಫಿಲ್ಟರ್. ಪಕ್ಕದಲ್ಲಿ ಸಣ್ಣ ರಬ್ಬರ್ ಕೊಳವೆ ಇದ್ದರೆ ಮೊದಲು ಅದರಿಂದ ನೀರು ಬಸಿಯಿರಿ. ಆಮೇಲೆ ಫಿಲ್ಟರನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ. ಒಮ್ಮೆಲೇ ಬಿಚ್ಚಿದರೆ ಡ್ರಮ್ಮಿನ ನೀರೆಲ್ಲ ನೆಲಕ್ಕೆ! ಒಳಗೆ ಟಾರ್ಚ್ ಬಿಟ್ಟು ನೋಡಿ, ಪಂಪಿನ ಚಿಕ್ಕ ರೆಕ್ಕೆ ಕಾಣುತ್ತದೆ. ಕಡ್ಡಿಯಿಂದ ತಿರುಗಿಸಿ. ತಡೆದು ತಡೆದು ತಿರುಗಿದರೆ ಗಾಬರಿ ಬೇಡ, ಒಳಗೆ ಮ್ಯಾಗ್ನೆಟ್ ಇರುವುದರಿಂದ ಹಾಗೆ. ಅಲ್ಲಾಡದೇ ಇದ್ದರೆ ಏನೋ ಸಿಕ್ಕಿಕೊಂಡಿದೆ.

ಉತ್ತರ 2:
ನೀರು ಹೊರಹೋಗುವ ಹಿಂದಿನ ಪೈಪ್ ಗೋಡೆಗೆ ಒತ್ತಿ ಮಡಚಿಕೊಂಡಿದೆಯಾ ಅಂತಲೂ ನೋಡಿ. ಮಷೀನನ್ನು ಹಿಂದಕ್ಕೆ ತಳ್ಳಿದಾಗ ಹೀಗಾಗುವುದು ಜಾಸ್ತಿ.

ಪ್ರಶ್ನೆ ಕೇಳಿದವರು:
ಸಿಕ್ಕಿತು! ರೆಕ್ಕೆಗೆ ಕೂದಲಿನ ಉಂಡೆ, ಅದರೊಳಗೆ ಹೇರ್‌ಪಿನ್. ತೆಗೆದ ಮೇಲೆ ನೀರು ಸರಾಗವಾಗಿ ಹೋಗುತ್ತಿದೆ. ಪಂಪ್ ಸರಿಯಾಗಿಯೇ ಇದೆ. ಆದರೆ ಫಿಲ್ಟರ್ ಹತ್ತಿರ ಈಗ ಹನಿ ಹನಿ ಸೋರುತ್ತಿದೆಯಲ್ಲ?

ಉತ್ತರ 1:
ಅದರ ರಬ್ಬರ್ ರಿಂಗಿಗೆ ಕೂದಲೋ ಸೋಪಿನ ಪುಡಿಯೋ ಅಂಟಿರಬೇಕು. ಮತ್ತೆ ಪ್ಲಗ್ ತೆಗೆದು, ನೀರು ಬಸಿದು, ರಿಂಗ್ ಒರೆಸಿ ನೇರವಾಗಿ ಕೂರಿಸಿ. ಸೀಳಿದ್ದರೆ ಹೊಸ ರಿಂಗ್ ಹಾಕಿ.